ಏನೂ ಆಗದ ಕಾರು

ಆ ಕಾಲದಲ್ಲಿ ದೇವದುರ್ಗದ ವಾಹನಗಳಿಗೆಲ್ಲ ಒಂದೇ ಶಾಸ್ತ್ರವಿತ್ತು. ನಿಲ್ಲುವ ತನಕ ಓಡಿಸಬೇಕು, ನಿಂತ ಮೇಲೆ ತಳ್ಳಬೇಕು, ತಳ್ಳಿದರೂ ಕದಲದಿದ್ದರೆ ಮೆಕ್ಯಾನಿಕ್‌ನನ್ನು ಹುಡುಕಬೇಕು. ಗುತ್ತಿಗೆದಾರ ಸಾಬಣ್ಣನ ಜೀಪಿನಿಂದ ಹಿಡಿದು ಹಿಟ್ಟಿನ ಗಿರಣಿಯ ಎಂಜಿನ್ನಿನವರೆಗೆ ಎಲ್ಲವೂ ಈ ಶಾಸ್ತ್ರಕ್ಕೆ ತಲೆಬಾಗಿಯೇ ಬದುಕಿದ್ದವು. ಓಡುತ್ತಿರುವ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ಯುವುದೆಂದರೆ, ನಕ್ಕೊಂತ ಆಡುವ ಕೂಸನ್ನು ಎತ್ತಿಕೊಂಡು ಹೋಗಿ ಸೂಜಿ ಚುಚ್ಚಿಸಿದಂತೆ ಎಂದು ಊರು ನಂಬಿತ್ತು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಈ ಶಾಸ್ತ್ರವನ್ನು ಊರಿನವರ ಪೈಕಿ ಮೊದಲು ಮುರಿದವರು ಸುಂಕಪ್ಪ ಮಾಸ್ತರರು. ಅದರ ಫಲವನ್ನೂ ಅವರೇ ಉಂಡರು.

ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರಾದರೂ ಅವರ ಕೀರ್ತಿ ಇದ್ದದ್ದು ಟೈಂಟೇಬಲ್ಲಿನಲ್ಲಿ. ಒಂಬತ್ತು ಮಂದಿ ಮಾಸ್ತರರು, ಏಳು ಕೋಣೆ, ಇಡೀ ಶಾಲೆಗೆ ಒಂದೇ ಭೂಪಟ. ಇಷ್ಟನ್ನು ಒಬ್ಬರ ಮೇಲೊಬ್ಬರು ಬೀಳದಂತೆ ಹೊಂದಿಸಿ, ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಗೋಡೆಗೆ ತೂಗುಹಾಕುವ ವಿದ್ಯೆ ತಾಲೂಕಿನಲ್ಲಿ ಅವರೊಬ್ಬರಿಗೇ ಸಿದ್ಧಿಸಿತ್ತು. ಮನೆಯ ಅಡುಗೆಗೂ ಒಂದು ಟೈಂಟೇಬಲ್ ಇತ್ತು. ಸೋಮವಾರ ಚವಳಿಕಾಯಿ, ಮಂಗಳವಾರ ಪುಂಡಿಪಲ್ಯ, ಹೀಗೆ. ಹೆಂಡತಿ ಗೋಪಮ್ಮ ಸಂತೆಯಲ್ಲಿ ಏನು ಸಿಕ್ಕಿತೋ ಅದನ್ನೇ ಬೇಯಿಸುತ್ತಿದ್ದಳು. ಮಾಸ್ತರರು ತಾಟಿನ ಮುಂದೆ ಕೂರುವ ಮೊದಲು ಟೈಂಟೇಬಲ್ಲನ್ನು ತಿದ್ದಿಕೊಂಡು ಬರುತ್ತಿದ್ದರು. ಹೀಗಾಗಿ ಹದಿನಾರು ವರ್ಷದ ಸಂಸಾರದಲ್ಲಿ ಟೈಂಟೇಬಲ್ ಒಮ್ಮೆಯೂ ತಪ್ಪಿರಲಿಲ್ಲ.

ಇಂಥವರು ಕಾರು ಕೊಂಡದ್ದಕ್ಕೆ ಕಾರಣ ಅಕ್ಕ ಶೇಖಮ್ಮನ ಮಗಳು ಹುಲಿಗೆಮ್ಮ. ಅವಳು ಆರು ವರ್ಷದವಳಿದ್ದಾಗ ಮಾಸ್ತರರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಾಲೂಕಿನೊಳಗಿನ ಜಾಲಹಳ್ಳಿಗೆ ಒಂದು ಮದುವೆಗೆ ನಡೆದುಹೋಗುತ್ತಿದ್ದರು. ಯಾವುದೋ ದೊಡ್ಡವರ ಮನೆಯ ಮದುಮಗಳ ಕಾರು ಇವರಿಬ್ಬರಿಗೂ ಧೂಳಿನ ಸ್ನಾನ ಮಾಡಿಸಿ ಮುಂದೆ ಹೋಯಿತು. ಕಣ್ಣೊರೆಸಿಕೊಳ್ಳುತ್ತ ಹುಡುಗಿ ಕೇಳಿದಳು, “ಮಾವ, ನನ್ನ ಮದಿವಿಗಿ ನಾನೂ ನಡಕೊಂತ ಹೋಗಬೇಕೇನು?”

“ಯಾಕವ್ವ? ನಿನ್ನ ನಾನು ನನ್ನ ಕಾರಿನ್ಯಾಗ ಕರಕೊಂಡು ಹೋಗತೀನಿ,” ಅಂದುಬಿಟ್ಟರು ಮಾಸ್ತರರು.

ಆಗ ಅವರ ಹತ್ತಿರ ಸೈಕಲ್ಲೂ ಇರಲಿಲ್ಲ. ಅವರ ಓಣಿಯಿಂದ ಕಾರಿನಲ್ಲಿ ಕೂತು ಹೋದ ಮದುಮಗಳು ಅದುವರೆಗೆ ಹುಟ್ಟಿರಲಿಲ್ಲ. ಸೋದರಮಾವ ಮದುಮಗಳನ್ನು ಎತ್ತಿಕೊಂಡು ಹಂದರಕ್ಕೆ ತರುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಮಾಸ್ತರರು ಆ ಪದ್ಧತಿಗೆ ನಾಲ್ಕು ಗಾಲಿ ಜೋಡಿಸಿದ್ದರು, ಅಷ್ಟೇ. ಮಕ್ಕಳಿಗೆ ಕೊಟ್ಟ ಮಾತನ್ನು ದೊಡ್ಡವರು ಮರೆಯಬಹುದು, ಮಕ್ಕಳು ಮರೆಯುವುದಿಲ್ಲ. ಹುಲಿಗೆಮ್ಮ ಹನ್ನೆರಡು ವರ್ಷ ಪ್ರತಿ ಹಬ್ಬಕ್ಕೂ ಬಂದು, “ಮಾವ, ಕಾರು ಎಲ್ಲಿಗಿ ಬಂತು?” ಎಂದು ಕೇಳಿದಳು.

ಕಾರು ಕೊನೆಗೂ ಬಂದದ್ದು ಸರ್ಕಾರಿ ದವಾಖಾನೆಯ ಡಾಕ್ಟರಿಂದ. ವರ್ಗವಾಗಿ ದೂರದ ಊರಿಗೆ ಹೊರಟಿದ್ದ ಡಾಕ್ಟರು ತಮ್ಮ ಬೆಣ್ಣೆ ಬಣ್ಣದ ಹಳೆಯ ಕಾರನ್ನು ಮಾಸ್ತರರಿಗೆ ಮಾರಿದರು. ಕೀಲಿಕೈಯ ಜೊತೆಗೆ ಒಂದು ಹಲಗೆಯನ್ನೂ ಕೊಟ್ಟರು. ದವಾಖಾನೆಯಲ್ಲಿ ರೋಗಿಯ ಮಂಚಕ್ಕೆ ತೂಗುಹಾಕುತ್ತಾರಲ್ಲ, ಅಂಥದೇ ಹಲಗೆ. ಅಂಥದೇ ತಗಡಿನ ಕ್ಲಿಪ್ಪು. ಅದರೊಳಗೆ ಡಾಕ್ಟರು ತಾವೇ ಬರೆದ ಪಟ್ಟಿ. ನೀರು, ಗಾಳಿ, ಬ್ರೇಕು, ಎಣ್ಣೆ, ಗ್ರೀಸು, ಹೀಗೆ ಹನ್ನೊಂದು ಬಾಬತ್ತು. ಪ್ರತಿಯೊಂದರ ಮುಂದೆ ತಾರೀಖಿನ ಮನೆ, ಪಕ್ಕದಲ್ಲಿ ನೋಡಿದವರ ಸಹಿ.

“ಮಾಸ್ತರೇ, ಹನ್ನೊಂದು ವರ್ಷದಲ್ಲಿ ಈ ಕಾರು ನನಗೆ ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಯಾಕೆಂದರೆ ನಾನು ಒಂದು ತಿಂಗಳೂ ಈ ಪಟ್ಟಿ ತಪ್ಪಿಸಿಲ್ಲ. ಇನ್ನು ನಿಮ್ಮ ಜವಾಬ್ದಾರಿ,” ಅಂದರು ಡಾಕ್ಟರು.

ಮಾಸ್ತರರು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. ಡಾಕ್ಟರು ಕೊಟ್ಟದ್ದು ಕಾರಾದರೂ ಮಾಸ್ತರರಿಗೆ ಸಿಕ್ಕಿದ್ದು ಇನ್ನೊಂದು ಟೈಂಟೇಬಲ್ಲು.

ತಿಂಗಳ ಮೊದಲ ಭಾನುವಾರ ನಸುಕಿನಲ್ಲೇ ಎದ್ದು ಅವರು ಕಾರು ಹೊರಗೆ ತೆಗೆದರು. ಪಕ್ಕದ ಮನೆಯ ಸರ್ವರಿ ಬೇಗಂ ಬಾಗಿಲಿಗೆ ನೀರು ಹಾಕುತ್ತಿದ್ದರು. ಓಣಿಯ ಸುದ್ದಿ ಯಾವುದೂ ಆ ಬಾಗಿಲಿಗೆ ಸಲಾಂ ಹೇಳದೆ ಮುಂದೆ ಹೋಗುತ್ತಿರಲಿಲ್ಲ.

“ಇಷ್ಟು ಮುಂಜಾನೆದ್ದು ಎಲ್ಲಿಗಿ ಮಾಸ್ತರ?”

“ರಾಯಚೂರಿಗ್ರಿ ಆಪಾ. ಕಾರು ತೋರಿಸಿಕೊಂಡು ಬರತೀನಿ.”

“ಯಾ ಅಲ್ಲಾ! ರಾಯಚೂರಿಗಾ? ಏನಾಗ್ಯಾದ ಅದಕ್ಕ?”

“ಏನೂ ಆಗಿಲ್ರಿ.”

ದೇವದುರ್ಗದಲ್ಲಿ ಯಾರನ್ನಾದರೂ ರಾಯಚೂರಿಗೆ ಒಯ್ದರೆಂದರೆ ಅದಕ್ಕೆ ಒಂದು ತೂಕವಿತ್ತು. ಕೆಮ್ಮು, ನೆಗಡಿ, ಹೊಟ್ಟೆನೋವು ಇವೆಲ್ಲ ಊರಲ್ಲೇ ಮುಗಿಯುವಂಥವು. ಕೈ ಮೀರಿದ್ದು ಮಾತ್ರ ರಾಯಚೂರಿನ ದೊಡ್ಡ ದವಾಖಾನೆಗೆ. ಹಾಗೆ ಒಯ್ದವರನ್ನು ವಾಪಸು ತಂದಾಗ ಓಣಿಯವರೆಲ್ಲ ಬ್ರೆಡ್ಡು, ಬಾಳೆಹಣ್ಣು ಹಿಡಿದು ಮಾತಾಡಿಸಲು ಹೋಗಬೇಕು. ಹೋಗದಿದ್ದರೆ ಮುಂದೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ಮನೆಯವರು ಎಂದೂ ಇಂಥದು ಆಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. “ಏನೂ ಆಗಿಲ್ಲ” ಅಂತಲೇ ಹೇಳುತ್ತಾರೆ. ಮಾಸ್ತರರೂ ಅದನ್ನೇ ಹೇಳಿದ್ದರು. ನಾಲ್ಕು ಗಂಟೆಗೇ ಎದ್ದಿದ್ದರಿಂದ ಮುಖವೂ ಅದಕ್ಕೆ ತಕ್ಕಂತೆ ಬಾಡಿತ್ತು.

ಮೊದಲ ತಿಂಗಳು ಊರು ಸುಮ್ಮನಿತ್ತು. ಎರಡನೆಯ ತಿಂಗಳೂ ಒಯ್ದಾಗ ಹುಬ್ಬೇರಿಸಿತು. ಮೂರನೆಯ ತಿಂಗಳು ತೀರ್ಪು ಕೊಟ್ಟಿತು.

“ಡಾಕ್ಟರು ಯಾಕ ಮಾರಿದ್ರಂತಿ? ಅವರಿಗಿ ಗೊತ್ತಿತ್ತು.”

“ಡಾಕ್ಟರ್ ಕೈಯಾಗ ವಾಸಿ ಆಗದ್ದು ಮಾಸ್ತರ ಕೈಯಾಗ ಆಗತದೇನು?”

ಉಳಿದಿದ್ದ ಅನುಮಾನವನ್ನು ಓಣಿಯ ಹಿರಿಯ ಮುದುಕಿ ಬೂದೆಮ್ಮ ಪರಿಹರಿಸಿದಳು. ಆ ಮೂರನೆಯ ತಿಂಗಳ ಭಾನುವಾರ ಸಂಜೆ, ಮಾಸ್ತರರು ರಾಯಚೂರಿನಿಂದ ಆಗಷ್ಟೇ ಬಂದು ಕಾರನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಹಲಗೆಯನ್ನು ಮೊಳೆಗೆ ತೂಗುಹಾಕಿದ್ದರು. ಬೂದೆಮ್ಮ ಕೋಲೂರಿಕೊಂಡು ಬಂದು ಹಲಗೆಯನ್ನು ನೋಡಿ ಅಲ್ಲೇ ಕುಸಿದು ಕೂತಳು.

“ಇದ ಹಲಗಿ. ನಮ್ಮ ಮನಿಯವರ ಮಂಚಕ್ಕ ಇದ ಹಲಗಿ ಕಟ್ಟಿದ್ರು ಯವ್ವಾ. ಕಟ್ಟಿದ ಒಂಬತ್ತನೇ ದಿನಕ್ಕ…” ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು ಕಾರಿನ ಬಾನೆಟ್ಟಿನ ಮೇಲೆ ಹಿಂಗೈ ಇಟ್ಟು ನೋಡಿದಳು. ಹಿಂದಕ್ಕೆಳೆದುಕೊಂಡಳು.

“ಗೋಪವ್ವ, ಮೈ ಸುಡಾಕತ್ತದಲ್ಲ!”

“ಯವ್ವಾ, ಐವತ್ತು ಕಿಲೋಮೀಟ್ರು ಓಡಿ ಬಂದದ. ಸುಡಲಾರದ ಏನು ಮಾಡತದ?”

“ಜಡ್ಡಿನ್ಯಾಗ ಅಷ್ಟು ಓಡಿಸಬಾರದವ್ವ,” ಅಂದಳು ಬೂದೆಮ್ಮ.

ಮರುದಿನದಿಂದ ಬ್ರೆಡ್ಡು ಬರತೊಡಗಿತು. ಸರ್ವರಿ ಬೇಗಂ ಮಗಳು ವಾಹಿದಾಳ ಕೈಯಲ್ಲಿ ಒಂದು ಬ್ರೆಡ್ಡು, ಡಜನ್ ಬಾಳೆಹಣ್ಣು ಹೊರಿಸಿಕೊಂಡು ತಾವೇ ಬಂದರು. ಕಾರಿನ ಕಡೆ ನೋಡಲಿಲ್ಲ. ರೋಗಿಯ ಮುಖವನ್ನು ದಿಟ್ಟಿಸಬಾರದು. ಗೋಪಮ್ಮನ ಕೈ ಹಿಡಿದು, “ಊಟ ಬಿಡಬ್ಯಾಡ ನೀನು,” ಅಂದರು. ಗಿರಣಿಯವರು ಬಂದರು. ಕಲ್ಮಲದಿಂದ ಗೋಪಮ್ಮನ ಚಿಕ್ಕಪ್ಪ ಎರಡು ಬಸ್ಸು ಬದಲಿಸಿ ಬಂದು, ಕಾರಿನ ಪಕ್ಕದಲ್ಲಿ ಹತ್ತು ನಿಮಿಷ ಮೌನವಾಗಿ ಕೂತು ಎದ್ದುಹೋದ. ಬಂದವರಿಗೆಲ್ಲ ಗೋಪಮ್ಮ ಚಹಾ ಮಾಡಬೇಕು, ಮಾಸ್ತರರು ವಿವರಣೆ ಕೊಡಬೇಕು.

“ಏನಾದರೂ ಆಗ್ಯಾದ ಅಂತ ಒಯ್ಯೋದಲ್ರಿ. ಏನೂ ಆಗಬಾರದು ಅಂತ ಒಯ್ಯೋದು!”

“ಖರೇ ಅದ ಮಾಸ್ತರ, ಖರೇ ಅದ,” ಅನ್ನುತ್ತಿದ್ದರು ಬಂದವರು. ಹೊರಗೆ ಹೋಗಿ, “ಪಾಪ, ಒಪ್ಪಿಕೊಳ್ಳಾಕ ಮನಸ್ಸು ಬರವಲ್ದು,” ಅನ್ನುತ್ತಿದ್ದರು.

ಸುದ್ದಿ ಸರ್ಕಾರವನ್ನೂ ಮುಟ್ಟಿತು. ಶಾಲೆಯ ತಪಾಸಣೆಗೆ ಬಂದ ವಿದ್ಯಾಧಿಕಾರಿಗಳು ಮಾಸ್ತರರನ್ನು ಒಬ್ಬರನ್ನೇ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಸುಂಕಪ್ಪನವರೇ, ನಿಮ್ಮ ಮನೆಯ ವಿಷಯ ಕಿವಿಗೆ ಬಿತ್ತು. ಧೈರ್ಯ ತಂದುಕೊಳ್ಳಿ. ಎಷ್ಟು ವಯಸ್ಸು?”

“ಹನ್ನೊಂದು ವರ್ಷ ಸರ್.”

“ಛೇ, ಛೇ! ಏನು ಅಂತಾರೆ ರಾಯಚೂರಿನವರು?”

“ಏನೂ ಇಲ್ಲ ಅಂತಾರೆ ಸರ್. ಮೊದಲು ಸ್ವಲ್ಪ ಹೊಗೆ ಬರುತ್ತಿತ್ತು, ಈಗ ಅದೂ ನಿಂತಿದೆ.”

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಬೇಕಾದರೆ ನಿಮ್ಮನ್ನು ರಾಯಚೂರಿಗೆ ವರ್ಗ ಮಾಡಿಸಿಕೊಡುತ್ತೇನೆ. ಓಡಾಟವಾದರೂ ತಪ್ಪುತ್ತದೆ,” ಅಂದರು. ಆ ಸಲದ ತಪಾಸಣೆಯಲ್ಲಿ ಶಾಲೆಗೆ ಒಂದೂ ತಪ್ಪು ಬೀಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಮಾಸ್ತರರು ಬ್ರೆಡ್ಡು ತಿನ್ನುತ್ತ ಹಾಯಾಗಿರುತ್ತಿದ್ದರು. ಆದರೆ ಹುಲಿಗೆಮ್ಮನ ಮದುವೆ ಗೊತ್ತಾಯಿತು. ಅವಳ ಅಪ್ಪ ತಾಯಣ್ಣ ಗೌಂಡಿ ಕೆಲಸದವನು. ಸಾಬಣ್ಣನ ಗುತ್ತಿಗೆಯಲ್ಲಿ ಮೇಸ್ತ್ರಿ. ಮದುವೆ ಹೇಳಲು ಹೆಂಡತಿ ಮಗಳ ಸಮೇತ ಬಂದವನು ಒಳಗೆ ಬರುವ ಮೊದಲು ಶೆಡ್ಡಿನ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

“ನೋಡಪಾ ಸುಂಕಪ್ಪ, ಮಾನ್ವ್ಯಾಗ ಗಂಡಿನವರ ಮನಿ ಮುಂದನ ಹಂದರ. ಬರೋ ಗುರುವಾರ ಹನ್ನೊಂದೂವರಿಗಿ ಅಕ್ಕಿಕಾಳಿನ ಮುಹೂರ್ತ. ಸಾಬಣ್ಣ ಧಣ್ಯಾರು ಹುಡುಗಿಗಿ ಜೀಪ್ ಕೊಡತೀನಂದಾರ.”

“ಜೀಪ್ ಯಾಕ ಭಾವ? ನನ್ನ ಕಾರಿಲ್ಲೇನು?”

ತಾಯಣ್ಣ ಹೆಂಡತಿಯ ಮುಖ ನೋಡಿದ. ಶೇಖಮ್ಮ ನೆಲ ನೋಡಿದಳು.

“ಜಡ್ಡು ಬಿದ್ದ ಕಾರಿನ್ಯಾಗ ಮದುಮಗಳನ್ನ ಕುಂದರಸಾಕ ಬರಂಗಿಲ್ಲೋ. ಮೊದಲ ಮಂಗಳಕಾರ್ಯ. ನಡು ದಾರ್ಯಾಗ ಹೆಚ್ಚುಕಡಿಮಿ ಆದ್ರ? ಸಾಬಣ್ಣನ ಜೀಪ್ ನೋಡು, ಹತ್ತು ವರ್ಷದಾಗ ಒಮ್ಮಿನೂ ಮೆಕ್ಯಾನಿಕ್ ಮಾರಿ ನೋಡಿಲ್ಲ. ಕಲ್ಲುಗುಂಡು!”

“ಭಾವ, ಅದು ನೋಡಿಲ್ಲ ಅಂತ ಹೆದರಬೇಕು. ಇದು ನೋಡ್ಯಾದ ಅಂತಲ್ಲ!”

“ಮಾವ, ನಾನು ನಿನ್ನ ಕಾರಿನ್ಯಾಗನ ಬರತೀನಿ,” ಅಂತು ಬಾಗಿಲ ಹಿಂದಿನಿಂದ ಒಂದು ದನಿ.

“ನೀ ಸುಮ್ನಿರಬೇ! ಮದುಮಗಳಾದಕಿ ಬಾಯಿ ತೆಗಿತಿಯಲ್ಲ,” ಎಂದು ಗದರಿ ತಾಯಣ್ಣ ಕೊನೆಯ ಮಾತು ಹೇಳಿದ. “ಕಾರಿಗಿ ಏನೂ ಆಗಿಲ್ಲ ಅಂತ ಆ ಮೆಕ್ಯಾನಿಕ್ ಕಡಿಂದ ಬರಿಸಿಕೊಂಡು ಬಾ. ಆಗ ನೋಡೂಣು.”

ಮಾಸ್ತರರು ಮರುದಿನವೇ ರಾಯಚೂರಿಗೆ ಬಸ್ಸು ಹಿಡಿದರು. ಕಾರಿನಲ್ಲಿ ಹೋದರೆ ಮತ್ತೆ ಬ್ರೆಡ್ಡು ಬರುತ್ತದೆಂಬ ಭಯ. ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮೆಹಬೂಬ್ ಪಾಷಾನ ಶೆಡ್ಡು. ವಿಷಯ ಕೇಳಿ ಪಾಷಾ ಸ್ಪಾನರ್ ಕೆಳಗಿಟ್ಟ.

“ಸಾಬ್, ಮೂವತ್ತು ವರ್ಷದ ಕಸಬಿನ್ಯಾಗ ‘ಈ ಗಾಡಿಗಿ ಏನೂ ಆಗಿಲ್ಲ’ ಅಂತ ನಾನು ಬಾಯಿಲೆ ಸುದ್ದಾ ಹೇಳಿಲ್ಲ. ಬರದು ಹೆಂಗ ಕೊಡಲಿ? ನಾಳಿ ಸಂದಿ ಮಂದಿ ನನಗ ಏನಂತಾರ?”

“ಖರೇ ಇದ್ದದ್ದು ಬರಿ ಪಾಷಾ. ನನ್ನ ಸೊಸಿ ಮದಿವಿ.”

ಮಾಸ್ತರರ ಮುಖ ನೋಡಿ ಪಾಷಾ ಕರಗಿದ. ಮೂರು ಸಲ ಹೊಡೆದುಹಾಕಿ, ನಾಲ್ಕನೆಯ ಸಲ ಬರೆದುಕೊಟ್ಟ. ಕೆಳಗೆ ಗ್ರೀಸಿನ ಹೆಬ್ಬೆರಳು ಮುದ್ರೆಯಂತೆ ಒತ್ತಿದ. ಆ ಕಾಗದವನ್ನು ತಾಯಣ್ಣ ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಓದಿಸಿದ: “ಸದರಿ ಕಾರು ಇವತ್ತಿನ ಮಟ್ಟಿಗೆ ಚಲೋ ಅದ. ಮುಂದಿಂದು ದೇವರ ಕೈಯಾಗ.”

ಓಣಿಯವರೆಲ್ಲ ಬೂದೆಮ್ಮನ ಕಡೆ ತಿರುಗಿದರು.

“ಹಿಂಗಂತ ಬರದು ಕೊಟ್ಟ ಮ್ಯಾಲ ಯಾರೂ ಬಾಳಾ ದಿನ ಉಳಿದಿಲ್ಲ,” ಅಂದಳು ಬೂದೆಮ್ಮ.

ಅಂದು ಗೋಪಮ್ಮ ಗಂಡನನ್ನು ಒಳಗೆ ಕರೆದು ತನ್ನ ಉಪಾಯ ಹೇಳಿದಳು. “ಅಲ್ರೀ, ಒಯ್ದದ್ದಕ್ಕಲ್ಲ ಇಷ್ಟು ರಾದ್ಧಾಂತ? ಈ ಐತಾರ ಒಯ್ಯಬ್ಯಾಡ್ರಿ. ಕಾರು ಮನ್ಯಾಗ ನಿಂತದ್ದು ನೋಡಿ ಮಂದಿ ತಾವ, ‘ಹಾಂ, ಆರಾಮಾತು’ ಅಂತಾರ. ಗುರುವಾರಕ್ಕ ಹುಡುಗಿ ನಿಮ್ಮ ಕಾರಿನ್ಯಾಗನ ಕುಂದರತಾಳ.”

“ಪಟ್ಟಿ ತಪ್ಪಿಸೋದಾ?” ಅಂದರು ಮಾಸ್ತರರು. ಆದರೂ ಹುಲಿಗೆಮ್ಮನಿಗಾಗಿ ಒಪ್ಪಿದರು. ಆ ಭಾನುವಾರವೆಲ್ಲ ಅವರು ಶೆಡ್ಡಿನಲ್ಲಿ ಕೂತು ಹಲಗೆಯ ಖಾಲಿ ಮನೆಗಳನ್ನೇ ನೋಡಿದರು. ಏಕಾದಶಿಯ ದಿನ ಕದ್ದು ಉಂಡವರ ಕಳೆ ಅವರ ಮುಖದ ಮೇಲಿತ್ತು.

ಗೋಪಮ್ಮನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಊರಿಗೆ ತನ್ನದೇ ಒಂದು ಲೆಕ್ಕವಿತ್ತು. ಒಂಬತ್ತು ಗಂಟೆಯಾದರೂ ಕಾರು ಹೊರಡದ್ದನ್ನು ಕಂಡು ಸರ್ವರಿ ಬೇಗಂ ಗೋಡೆಯ ಮೇಲಿಂದ ಕೇಳಿದರು, “ಇವತ್ತು ರಾಯಚೂರಿಗಿ ಒಯ್ಯಲಿಲ್ಲೇನು ಗೋಪಮ್ಮ?”

“ಇಲ್ರಿ ಆಪಾ. ಇನ್ನ ಒಯ್ಯೋದು ಬ್ಯಾಡ ಅಂದ್ವಿ,” ಅಂದಳು ಗೋಪಮ್ಮ ನಗುತ್ತ.

ಸರ್ವರಿ ಬೇಗಂ ನಗಲಿಲ್ಲ. ರಾಯಚೂರಿಗೆ ಒಯ್ಯುವುದನ್ನು ಯಾವಾಗ ಬಿಡುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? “ಇನ್ನ ಮನಿಗಿ ಕರಕೊಂಡು ಹೋಗ್ರಿ” ಎಂದು ದೊಡ್ಡ ಡಾಕ್ಟರು ಕೈಚೆಲ್ಲಿದ ಮೇಲೆ! ಅರ್ಧ ತಾಸಿನಲ್ಲಿ ಮೆಹಬೂಬ್ ಪಾಷಾ ಕೈಬಿಟ್ಟ ಸುದ್ದಿ ದೇವದುರ್ಗವನ್ನು ಒಂದು ಸುತ್ತು ಹಾಕಿ ಬಂತು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಅಕ್ಕ ಶೇಖಮ್ಮ ಓಣಿಯ ತುದಿಯಿಂದಲೇ ದನಿ ತೆಗೆದು ಬಂದಳು. “ಹೊಟ್ಟಿ ಕಟ್ಟಿ ತಂದಿದ್ದೆಲ್ಲೋ ನನ ತಮ್ಮಾ! ನಾಲ್ಕು ದಿನ ನೆಟ್ಟಗ ಹತ್ತಿ ಇಳೀಲಿಲ್ಲಲ್ಲೋ!” ಸರ್ವರಿ ಬೇಗಂ ದರ್ಗಾದಿಂದ ತಂದ ದಾರವನ್ನು ಕಾರಿನ ಕನ್ನಡಿಗೆ ಕಟ್ಟಿದರು. ಬೂದೆಮ್ಮ ಮಾತ್ರ ಅನುಭವಿ, ಅಳಲಿಲ್ಲ.

“ಇನ್ನ ಪಥ್ಯಾ ಗಿಥ್ಯಾ ಏನೂ ಮಾಡಬ್ಯಾಡಪ್ಪ. ಅದಕ್ಕ ಏನು ಬೇಕನಿಸತದ ಕೊಡು. ಪೆಟ್ರೋಲ್ ಹೊಟ್ಟಿ ತುಂಬ ಹಾಕಿಸು. ಆತ್ಮ ತಣ್ಣಗಿರಲಿ.”

ಅಂದು ಬಂದದ್ದು ಒಂಬತ್ತು ಬ್ರೆಡ್ಡು. ಗುರುವಾರ ಹುಲಿಗೆಮ್ಮ ಜೀಪಿನಲ್ಲೇ ಹೋಗುವುದೆಂದು ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಗುರುವಾರ ಮುಂಜಾನೆ ಎಂಟಕ್ಕೆ ದಿಬ್ಬಣ ಹೊರಟಿತು. ಮುಂದೆ ಸಾಬಣ್ಣನ ಜೀಪು; ಅದರಲ್ಲಿ ಬಾಸಿಂಗ ಕಟ್ಟಿಕೊಂಡ ಹುಲಿಗೆಮ್ಮ, ಶೇಖಮ್ಮ, ಅವರ ಸುತ್ತ ಹದಿನಾಲ್ಕು ಮಂದಿ; ಮುಂದಿನ ಸೀಟಿನಲ್ಲಿ, ಜೀಪು ಓಡಿಸುವ ಸಾಬಣ್ಣನ ಪಕ್ಕಕ್ಕೆ, ಹೊಸ ಬಿಳಿ ರುಮಾಲು ಸುತ್ತಿದ ತಾಯಣ್ಣ. ಹಿಂದೆ ಮಾಸ್ತರರ ಕಾರು. ಅದರಲ್ಲಿ ಕೂರುವ ಧೈರ್ಯ ಯಾರಿಗೂ ಬಾರದ ಕಾರಣ ಚಾಪೆ, ಹಗ್ಗ, ಕಸಬರಿಗೆ, ಖಾಲಿ ಕೊಡಗಳನ್ನು ತುಂಬಿದ್ದರು. ಮನುಷ್ಯರೆಂದರೆ ಗೋಪಮ್ಮ ಮತ್ತು ಬೂದೆಮ್ಮ.

“ನನಗೂ ವಯಸ್ಸಾತು, ಇದಕ್ಕೂ ಆತು. ಹೋದ್ರ ಜೋಡಿ ಹೋಗತೀವಿ,” ಎಂದು ಮುದುಕಿ ಮುಂದಿನ ಸೀಟು ಹಿಡಿದಿದ್ದಳು.

ಜೀಪಿನ ಹಿಂಬದಿಯಲ್ಲಿ ಕೂತ ಹುಲಿಗೆಮ್ಮ ಬಾಸಿಂಗದ ಸಂದಿನಿಂದ ಇವರ ಕಾರನ್ನೇ ನೋಡುತ್ತಿದ್ದಳು. ಜೀಪಿನ ಧೂಳು ಮಾಸ್ತರರ ಕಣ್ಣಿಗೆ ಬಂದು ಬೀಳುತ್ತಿತ್ತು. ಧೂಳಿಗೆ ಗಾಜು ಏರಿಸಬಹುದಿತ್ತು, ಏರಿಸಲಿಲ್ಲ.

ಸಿರವಾರ ದಾಟಿ ಮಾನ್ವಿಯ ದಾರಿ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಒಂದು ಹಳ್ಳದ ಹತ್ತಿರ ಜೀಪು ಎರಡು ಸಲ ಕೆಮ್ಮಿತು, ಒಮ್ಮೆ ಬಿಕ್ಕಳಿಸಿತು, ನಿಂತಿತು. ಶಾಸ್ತ್ರದ ಪ್ರಕಾರ ಎಲ್ಲರೂ ಇಳಿದು ತಳ್ಳಿದರು. ಮತ್ತೆ ತಳ್ಳಿದರು. ಕೊನೆಗೆ ಸಾಬಣ್ಣ ಬಾನೆಟ್ಟು ಎತ್ತಿ, ಹತ್ತು ವರ್ಷ ಜೊತೆಗಿದ್ದರೂ ಪರಿಚಯವಾಗದ ನೆಂಟರನ್ನು ನೋಡುವಂತೆ ಎಂಜಿನ್ನನ್ನು ನೋಡಿದ. ಮಾಸ್ತರರು ಮೆಲ್ಲಗೆ ಹೋಗಿ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದರು. ಬೇಸಿಗೆಯ ಜಾಲಿ ಕಡ್ಡಿಯಂತೆ ಒಣಗಿ ಬಂತು.

“ಇದ್ಯಾವ ಕಡ್ಡಿರಿ ಮಾಸ್ತರ?” ಅಂದ ಸಾಬಣ್ಣ ಆಶ್ಚರ್ಯದಿಂದ. “ಇದು ಇದರೊಳಗ ಮೊದಲಿಂದನೂ ಇತ್ತೇನು?”

ಮಾಸ್ತರರು ಕಡ್ಡಿಯನ್ನು ಮತ್ತೆ ಒಳಗಿಳಿಸಿದರು. ಗಡಿಯಾರ ಹತ್ತು ಗಂಟೆಗೆ ಐದು ನಿಮಿಷ ಕಡಿಮೆ ತೋರಿಸುತ್ತಿತ್ತು. ಅಷ್ಟೂ ಮಂದಿಯ ಕಣ್ಣು ಮೆಲ್ಲನೆ ಹೊರಳಿ ಬೆಣ್ಣೆ ಬಣ್ಣದ ಕಾರಿನ ಮೇಲೆ ನಿಂತವು. ತಾಯಣ್ಣ ರುಮಾಲು ಸರಿಮಾಡಿಕೊಂಡು ಹತ್ತಿರ ಬಂದ.

“ಸುಂಕಪ್ಪ… ನಿನ್ನ ಕಾರು ಮಾನ್ವಿ ಮುಟ್ಟತದೇನು?”

ಮೂರು ತಿಂಗಳಿಂದ ಮಾಸ್ತರರು ಈ ಪ್ರಶ್ನೆಗೆ ಉತ್ತರ ಹೊತ್ತುಕೊಂಡು ತಿರುಗಿದ್ದರು. ಈಗ ಬಾಯಿ ತೆರೆದರೆ ಕಣ್ಣ ಮುಂದೆ ಬಂದದ್ದು ಹಲಗೆಯ ಖಾಲಿ ಮನೆಗಳು.

“ಹೇಳಾಕ ಬರಂಗಿಲ್ಲ ಭಾವ,” ಅಂದರು.

“ಆಂ? ಇಷ್ಟು ದಿವಸ ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಹೊಯ್ಕೊಂತಿದ್ದಿ!”

“ಇಷ್ಟು ದಿವಸ ತೋರಸ್ತಿದ್ದೆ! ಈ ತಿಂಗಳು ತೋರಿಸಿಲ್ಲ. ನಿಮ್ಮ ಮಾತಿಗಿ ಬಿದ್ದು ಪಟ್ಟಿ ತಪ್ಪಿಸೀನಿ. ತಪ್ಪಿದ ಕಾರಿನ್ಯಾಗ ನನ್ನ ಸೊಸಿನ್ನ ಕುಂದರಸಂಗಿಲ್ಲ!”

ಇಡೀ ದಿಬ್ಬಣ ಬಾಯಿ ತೆರೆದು ನಿಂತಿತು. ಕಾರಿಗೆ ಏನೂ ಆಗಿಲ್ಲವೆಂದು ನಂಬಿದ್ದವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಎಲ್ಲರೂ ನಂಬಲು ತಯಾರಾದ ಹೊತ್ತಿಗೆ ಆ ಒಬ್ಬರೂ ಕೈಕೊಟ್ಟರು.

ಆಗ ಮದುಮಗಳು ಗುಂಪು ಸರಿಸಿಕೊಂಡು ಬಂದಳು. ಕಾರಿನ ಬಾಗಿಲು ತೆಗೆದು, ಸೀಟಿನ ಹಿಂದೆ ತೂಗುಹಾಕಿದ್ದ ಹಲಗೆಯನ್ನು ಕಿತ್ತುಕೊಂಡು, ಮಾವನ ಜೇಬಿನಿಂದ ಕೆಂಪು ಪೆನ್ಸಿಲ್ಲು ತೆಗೆದಳು.

“ಮಾವ, ನಾ ಓದತೀನಿ, ನೀ ನೋಡು. ಬಾಬತ್ತು ಒಂದು. ನೀರು.”

ಮಾಸ್ತರರು ಎಚ್ಚೆತ್ತರು. ತೋಳು ಮಡಿಚಿದರು. ಗೋಪಮ್ಮ ಕೊಡ ಹಿಡಿದು ಹಳ್ಳಕ್ಕೆ ಓಡಿದಳು. ಬಾಬತ್ತು ಎರಡು, ಗಾಲಿಯ ಗಾಳಿ. ನಾಲ್ಕು ಮಂದಿ ನಾಲ್ಕು ಗಾಲಿಗೆ ಒದ್ದು ನೋಡಿ “ಗಟ್ಟಿ!” ಎಂದು ಕೂಗಿದರು. ಬಾಬತ್ತು ಮೂರು, ಗಾಲಿಯ ನಟ್ಟು. ಹುಲಿಗೆಮ್ಮ ಶಾಲೆಯಲ್ಲಿ ಹಾಜರಿ ಕರೆಯುವಂತೆ ಕರೆಯುತ್ತಿದ್ದಳು, ಆದದ್ದಕ್ಕೆ ಗೀಟು ಹಾಕುತ್ತಿದ್ದಳು. ಮಾನ್ವಿಯ ಕಡೆಯಿಂದ ಬಂದ ಬಸ್ಸೊಂದು ನಿಂತು, ಬಾಸಿಂಗ ಕಟ್ಟಿಕೊಂಡು ಕಾರು ರಿಪೇರಿ ಮಾಡಿಸುವ ಮದುಮಗಳನ್ನು ಕಣ್ತುಂಬ ನೋಡಿ ಮುಂದೆ ಹೋಯಿತು.

“ಬಾಬತ್ತು ಏಳು. ಎಣ್ಣಿ. ಕಡ್ಡಿಯನ್ನು ಸ್ವಚ್ಛ ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು.”

ಎಲ್ಲರೂ ತಮ್ಮ ತಮ್ಮ ಬಟ್ಟೆ ನೋಡಿಕೊಂಡರು. ಅರಿಶಿಣ, ಧೂಳು, ಜೀಪು ತಳ್ಳಿದ ಮಸಿ. ಸ್ವಚ್ಛ, ಬಿಳಿ ಬಟ್ಟೆ ಅಲ್ಲಿ ಒಂದೇ ಇತ್ತು. ಅದು ಮದುಮಗಳ ಅಪ್ಪನ ತಲೆಯ ಮೇಲಿತ್ತು.

“ಹೊಸಾ ರುಮಾಲಲೇ! ಬೀಗರ ಮುಂದ ಸುತ್ತಿಕೊಂಡು ನಿಂದರಬೇಕು!”

“ಯಪ್ಪಾ, ಹತ್ತೂ ಹತ್ತಾತು,” ಅಂದಳು ಹುಲಿಗೆಮ್ಮ ಹಲಗೆಯಿಂದ ತಲೆಯೆತ್ತದೆ.

ತಾಯಣ್ಣ ರುಮಾಲು ಬಿಚ್ಚಿದ. ಪಟ್ಟಿಯಲ್ಲಿ ‘ಬಟ್ಟೆ’ ಎಂದಷ್ಟೇ ಇತ್ತು. ‘ಸ್ವಚ್ಛ ಬಿಳಿ’ ಅನ್ನುವುದನ್ನು ಮದುಮಗಳು ಸ್ವಂತವಾಗಿ ಸೇರಿಸಿದಳೆಂಬುದು ಮಾಸ್ತರರಿಗೊಬ್ಬರಿಗೇ ಗೊತ್ತಿತ್ತು. ಅವರು ಕಡ್ಡಿಯನ್ನು ಎರಡು ಸಲ ಒರೆಸಿದರು. ಒಮ್ಮೆ ಸಾಕಾಗಿತ್ತು.

ಹನ್ನೊಂದೂ ಬಾಬತ್ತು ಮುಗಿದಾಗ ಹುಲಿಗೆಮ್ಮ ‘ನೋಡಿದವರ ಸಹಿ’ ಎಂಬಲ್ಲಿ ತನ್ನ ಹೆಸರು ಬರೆದು ಹಲಗೆಯನ್ನು ಮಾವನ ಕೈಗೆ ಕೊಟ್ಟಳು. ಮಾಸ್ತರರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಹಿಡಿದು, “ಬಾರವ್ವ, ಕುಂದ್ರು,” ಅಂದರು.

ಬೂದೆಮ್ಮ ಮಾತ್ರ ಮುಂದಿನ ಸೀಟಿನಿಂದ ಇಳಿಯಲು ಒಪ್ಪಲಿಲ್ಲ. ಉಳಿದ ಹದಿನೇಳು ಮಂದಿ ರಸ್ತೆಯಲ್ಲಿ ನಿಂತು ಮುಖ ಮುಖ ನೋಡಿಕೊಂಡರು.

“ಮಾವ, ಹಗ್ಗ ಅದಲ್ಲ. ಜೀಪ್ ಕಟ್ಟಿಕೊಂಡು ಎಳಿಬಾರದು ಅಂತ ಪಟ್ಟ್ಯಾಗೇನೂ ಬರದಿಲ್ಲ,” ಅಂದಳು ಮದುಮಗಳು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮಾನ್ವಿಯ ಜನ ಕಂಡ ನೋಟವನ್ನು ಅವರು ಬಹಳ ವರ್ಷ ಮರೆಯಲಿಲ್ಲ. ಮುಂದೆ ಬೆಣ್ಣೆ ಬಣ್ಣದ ಕಾರು, ಅದರೊಳಗೆ ಮದುಮಗಳು, ಹಿಂದೆ ಬಾವಿ ಹಗ್ಗದಲ್ಲಿ ಕಟ್ಟಿದ ಜೀಪು, ಅದರೊಳಗೆ ತಲೆ ತಗ್ಗಿಸಿ ಕೂತ ಹದಿನೇಳು ಮಂದಿ. ಗಂಡಿನವರು, “ಏನು ಹೆಣ್ಣಿನವರಪಾ, ಒಂದು ಸಾಲದು ಅಂತ ಜೀಪು ಬ್ಯಾರೆ ಕಟ್ಟಿಕೊಂಡು ಬಂದಾರ!” ಎಂದು ಚರ್ಮದ ಹಲಗೆ ಬಾರಿಸಿದರು. ಮಾಸ್ತರರು ಇಳಿದು, ಸೊಸೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಂದರಕ್ಕೆ ನಡೆದರು. ಬೀಗರು ತಾಯಣ್ಣನ ರುಮಾಲಿನ ಮೇಲಿನ ಎರಡು ಕರಿ ಪಟ್ಟೆ ತೋರಿಸಿ ಇದೇನೆಂದು ಕೇಳಿದ್ದಕ್ಕೆ ಅವನು, “ದೃಷ್ಟಿ ಆಗಬಾರದು ಅಂತರಿ,” ಅಂದ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ತಿಂಗಳು ಕಳೆದು ಮತ್ತೆ ಮೊದಲ ಭಾನುವಾರ ಬಂತು.

ಮಾಸ್ತರರು ತಲೆಯೆತ್ತಿಕೊಂಡು ಕಾರು ತೆಗೆದು ರಾಯಚೂರಿಗೆ ಹೋದರು. ಪಾಷಾನ ಸಂದಿಗೆ ತಿರುಗಲು ಜಾಗವೇ ಇರಲಿಲ್ಲ. ಸಾಬಣ್ಣನ ಜೀಪು, ಅದರ ಹಿಂದೆ ಎರಡು ಟ್ರಾಕ್ಟರು, ಒಂದರ ಟ್ರಾಲಿಯಲ್ಲಿ ಬಿಚ್ಚಿ ತಂದ ಹಿಟ್ಟಿನ ಗಿರಣಿಯ ಎಂಜಿನ್ನು. ಎಲ್ಲಕ್ಕೂ ಒಂದೊಂದು ಹಲಗೆ. ಸಾಲಿನ ಕೊನೆಯಲ್ಲಿ ತಾಯಣ್ಣ ತನ್ನ ಸೈಕಲ್ಲು ಹಿಡಿದು ನಿಂತಿದ್ದ.

“ಭಾವ, ಸೈಕಲ್ಲಿಗಿ ಏನಾಗ್ಯಾದ?”

“ಏನೂ ಆಗಿಲ್ಲ,” ಅಂದ ತಾಯಣ್ಣ ಗಂಭೀರವಾಗಿ. “ಆಗಬಾರದು ಅಂತ ತಂದೀನಿ. ಹನ್ನೊಂದು ಬಾಬತ್ತೂ ನೋಡಿಸಬೇಕು.”

ಜೀಪಿನ ಕೆಳಗಿನಿಂದ ಪಾಷಾನ ತಲೆ ಹೊರಬಂತು. ಕಣ್ಣು ಕೆಂಪಾಗಿದ್ದವು. “ಸಾಬ್, ಕೈ ಮುಗಿತೀನಿ. ಊರಿಗಿ ಊರ ಏನೂ ಆಗದ ಗಾಡಿ ತಂದು ನಿಂದರಿಸ್ಯಾದ. ಇವತ್ತು ಜಾಗ ಇಲ್ಲ. ನಿಮ್ಮ ಕಾರು ಚಲೋನ ಅದಲ್ಲ, ಮುಂದಿನ ತಿಂಗಳು ಬರ್ರಿ.”

ಮಧ್ಯಾಹ್ನಕ್ಕೆ ಮೊದಲೇ ಮಾಸ್ತರರು ದೇವದುರ್ಗಕ್ಕೆ ಮರಳಿದರು. ಹಲಗೆಯ ಮನೆಗಳು ಖಾಲಿ, ಮುಖವೂ ಖಾಲಿ. ಸರ್ವರಿ ಬೇಗಂ ಬಾಗಿಲಲ್ಲೇ ನಿಂತಿದ್ದರು.

“ಇಷ್ಟು ಜಲ್ದಿ ಬಂದ್ರೇನು ಮಾಸ್ತರ? ನೋಡಲಿಲ್ಲೇನು ಪಾಷಾ?”

“ನೋಡಲಿಲ್ರಿ ಆಪಾ. ವಾಪಸ್ ಕಳಿಸಿದ.”

ಸರ್ವರಿ ಬೇಗಂ ಕಾರಿನ ಕಡೆ ನೋಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು. ಒಳಗಿನಿಂದ ಅವರ ತಗ್ಗಿದ ದನಿ ಕೇಳಿಸಿತು.

“ವಾಹಿದಾ, ಚೀಲ ತಗೋ. ಬ್ರೆಡ್ ತರಬೇಕು. ಈ ಸಲ ಎರಡು ತಾ.”